ನಿಂತ ಗಾಡಿಯಲ್ಲಿ ಅಡಗಿದ ಶಕ್ತಿ

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ಕೇಳದವರಿಲ್ಲ. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಅದನ್ನೇ ಬೋಧಿಸುತ್ತಿರುವ ನಮಗೆ ಈ ಗಾದೆಯ ನಿಜವಾದ ಅರ್ಥವು ತಿಳಿದದ್ದು ಗ್ರಂಥಾಲಯದಲ್ಲಿ ಅಲ್ಲ, ಪ್ರಯೋಗಶಾಲೆಯಲ್ಲಿಯೂ ಅಲ್ಲ; ನಮ್ಮ ಮನೆಯ ಅಂಗಳದಲ್ಲಿ, ನಮ್ಮದೇ ಕಾರಿನ ಮುಂದೆ, ನೆರೆಹೊರೆಯವರು ನೋಡುತ್ತ ನಿಂತಿರುವಾಗ.

ಸ್ವಂತ ವಾಹನವೆಂಬುದು ಈಗ ಅಪರೂಪದ ವಸ್ತುವಲ್ಲ. ಸೈಕಲ್ಲೋ, ಸ್ಕೂಟರೋ, ಕಾರೋ ಒಂದಲ್ಲ ಒಂದು ಬಹಳಷ್ಟು ಮನೆಗಳಲ್ಲಿದೆ. ರಜದ ದಿನ ಬಂದಿತೆಂದರೆ ಅದನ್ನು ತೊಳೆಯುವುದು, ಬಿಚ್ಚುವುದು, ಜೋಡಿಸುವುದು, ಆಚೆಯಿಂದ ಈಚೆಗೆ ತಳ್ಳುವುದು ಅನೇಕರಿಗೆ ಪ್ರಿಯವಾದ ಹವ್ಯಾಸ. ಈ ಹವ್ಯಾಸದಲ್ಲಿ ತಪ್ಪುಗಳಾಗುವುದೂ ಸಹಜವೇ. ಹೆಚ್ಚಿನವು ನಗೆಯಲ್ಲಿ ಮುಗಿಯುತ್ತವೆ. ಕೆಲವು ಹಾಗೆ ಮುಗಿಯುವುದಿಲ್ಲ. ಆದರೆ ಆ ತಪ್ಪುಗಳಲ್ಲಿ ಬಹುಪಾಲಿಗೆ ಮೂಲ ಒಂದೇ: ನಿಂತಿರುವ ವಸ್ತುವು ಸುಮ್ಮನಿರುವ ವಸ್ತು ಎಂಬ ಭ್ರಮೆ. ನಾವೇ ಮಾಡಿದ ಮೂರು ತಪ್ಪುಗಳನ್ನು ಸಂಕೋಚವಿಲ್ಲದೆ ವಾಚಕರ ಮುಂದಿಟ್ಟು, ಆ ಭ್ರಮೆಯ ಹಿಂದಿರುವ ವಿಜ್ಞಾನವನ್ನು ವಿಚಾರ ಮಾಡೋಣ.

ಆರು ಸೆಕೆಂಡುಗಳ ಕಥೆ

ನಾವಿರುವುದು ಮಲೆನಾಡಿನ ಒಂದು ಸಣ್ಣ ಊರಿನಲ್ಲಿ. ಮನೆಯ ಪಕ್ಕದಲ್ಲಿ ಹಳೆಯ ದನದ ಕೊಟ್ಟಿಗೆಯೊಂದಿದ್ದು, ಅದೇ ಈಗ ಕಾರಿನ ಮನೆ. ಕೊಟ್ಟಿಗೆಯ ಮುಂದೆ ಅಂಗಳ. ಅಂಗಳದ ತುದಿಗೆ ಅಡಕೆ ದಬ್ಬೆಯ ಬೇಲಿ. ಬೇಲಿಯ ಆಚೆಗೆ ನೆರೆಮನೆಯವರ ಗೊಬ್ಬರದ ಗುಂಡಿ. ಅಂಗಳವು ಕೊಟ್ಟಿಗೆಯಿಂದ ಬೇಲಿಯ ಕಡೆಗೆ ಇಳಿಜಾರಾಗಿದೆ. ಆದರೆ ಆ ಇಳುಕಲು ಎಷ್ಟು ಸಾಧಾರಣವೆಂದರೆ, ಅದರ ಮೇಲೆ ದಿನವೂ ನಡೆದಾಡುತ್ತಿದ್ದ ನಮಗೆ ಅದೊಂದು ಇಳಿಜಾರೆಂಬ ಭಾವನೆಯೇ ಇರಲಿಲ್ಲ.

ಒಂದು ವರ್ಷ ಮಳೆಗಾಲದ ಮೂರು ತಿಂಗಳು ಕಾರು ಕೊಟ್ಟಿಗೆಯಲ್ಲಿಯೇ ಉಳಿಯಿತು. ಮಳೆ ನಿಂತ ಮೇಲೆ ಒಂದು ಭಾನುವಾರ ಅದನ್ನು ಚಾಲೂ ಮಾಡಲು ಹೋದರೆ ಬ್ಯಾಟರಿಯು ಪೂರ್ತಿಯಾಗಿ ಇಳಿದುಹೋಗಿತ್ತು. ಕಾರನ್ನು ಹೊರಗೆ ತಳ್ಳಿ, ಬೆಳಕಿನಲ್ಲಿ ನೋಡೋಣವೆಂದು ನಿಶ್ಚಯಿಸಿದೆವು. ನೆರವಿಗೆ ನಮ್ಮ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಬಂದರು. ಕಾರಿನ ಮುಖ ಕೊಟ್ಟಿಗೆಯ ಒಳಕ್ಕಿದ್ದುದರಿಂದ ಅದನ್ನು ಹಿಮ್ಮುಖವಾಗಿ ತಳ್ಳಬೇಕಾಗಿತ್ತು. ಗಾಲಿಗೆ ಒಡ್ಡಿದ್ದ ಕಲ್ಲನ್ನು ನಾವೇ ತೆಗೆದೆವು, ಕೈಬ್ರೇಕನ್ನು ಸಡಿಲಿಸಿದೆವು, ಗೇರನ್ನು ನ್ಯೂಟ್ರಲ್ಲಿಗೆ ತಂದೆವು. ಒಳಗೆ ಕುಳಿತರೆ ತಳ್ಳುವವರಿಗೆ ಭಾರ ಹೆಚ್ಚಾದೀತೆಂದು, ಹೊರಗೆ ನಿಂತು ಕಿಟಕಿಯ ಮೂಲಕ ಒಂದು ಕೈಯಿಂದ ಸ್ಟಿಯರಿಂಗನ್ನು ಹಿಡಿದುಕೊಂಡೆವು. ಭಾರದ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ಮಾಡಿದ ನಾವು ಬ್ರೇಕಿನ ಬಳಿ ಯಾರ ಕಾಲೂ ಇಲ್ಲವೆಂಬುದನ್ನು ಗಮನಿಸಲಿಲ್ಲ.

ಹುಡುಗರು ತಳ್ಳಿದರು. ಹಿಂದಿನ ಚಕ್ರಗಳು ಕೊಟ್ಟಿಗೆಯ ಹೊಸಿಲನ್ನು ದಾಟಿದವು, ಮುಂದಿನವೂ ದಾಟಿದವು. ಕಾರು ಒಂದು ಕ್ಷಣ ನಿಂತಿತು. ‘ಸಾಕು, ಬಿಡಿ’ ಎಂದೆವು. ಹುಡುಗರು ಕೈಬಿಟ್ಟರು. ಕಾರು ಮೆಲ್ಲಗೆ, ಅತ್ಯಂತ ವಿನಯದಿಂದ ಎಂಬಂತೆ, ಹಿಂದಕ್ಕೆ ಹೊರಟಿತು.

ಆ ನಿಧಾನವೇ ನಮ್ಮನ್ನು ಮೋಸಗೊಳಿಸಿತು. ‘ಇಷ್ಟು ಮೆಲ್ಲಗೆ ಹೋಗುವುದನ್ನು ಹಿಡಿದು ನಿಲ್ಲಿಸಬಹುದು’ ಎಂದು ಭಾವಿಸಿ, ಸ್ಟಿಯರಿಂಗನ್ನು ಬಿಟ್ಟು, ಕಾರಿನ ಹಿಂಬದಿಗೆ ಓಡಿ, ಎರಡು ಕೈಗಳನ್ನೂ ಅದಕ್ಕೆ ಕೊಟ್ಟು ನಿಂತೆವು. ಬೇಲಿಯ ಆಚೆಯಿಂದ ನೆರೆಮನೆಯ ಅಜ್ಜಿ ಕೂಗಿದರು: “ಮೇಷ್ಟ್ರೇ, ಬಿಡ್ರೀ ಅದನ್ನ! ಈಚೆಗೆ ಬನ್ನಿ!” ನಾವು ಬುದ್ಧಿಪೂರ್ವಕವಾಗಿ ಈಚೆಗೆ ಬಂದೆವೆಂದು ಹೇಳಿಕೊಂಡರೆ ಸುಳ್ಳಾದೀತು. ಹಾವಸೆಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಪಕ್ಕಕ್ಕೆ ಬಿದ್ದೆವು. ಕಾರು ನಮ್ಮ ಬದಿಯಿಂದ ಹಾದು, ಬೇಲಿಯನ್ನು ಮುರಿದು, ಹಿಂದಿನ ಎರಡು ಚಕ್ರಗಳನ್ನೂ ಗೊಬ್ಬರದ ಗುಂಡಿಯಲ್ಲಿ ಇಳಿಸಿ, ಮೂತಿಯನ್ನು ಆಕಾಶಕ್ಕೆ ಎತ್ತಿಕೊಂಡು ನಿಂತಿತು.

ಹುಡುಗರು ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಅಜ್ಜಿಯವರು ನಗಲಿಲ್ಲ. “ಗಾಡಿ ಹೊಡೆಯೋ ಹುಡುಗರಿಗೂ ಗೊತ್ತಿರುತ್ತೆ, ಎತ್ತು ಬಿಚ್ಚೋಕೆ ಮುಂಚೆ ಗಾಲಿಗೆ ಕಲ್ಲು ಕೊಡಬೇಕು ಅಂತ. ನಿಮ್ಮ ಕಾಲೇಜಲ್ಲಿ ಇದನ್ನ ಹೇಳಿಕೊಡಲ್ವಾ?” ಎಂದರು. ಅವರು ನಗದಿದ್ದುದಕ್ಕೆ ಕಾರಣವು ನಮಗೆ ಆಮೇಲೆ ಹೊಳೆಯಿತು. ಅಂಗಳದ ನಡುವೆ ಸುಣ್ಣದ ಕಲ್ಲಿನಿಂದ ಗೀಚಿದ ಕುಂಟಾಬಿಲ್ಲೆಯ ಮನೆಗಳಿದ್ದವು. ಹತ್ತು ನಿಮಿಷದ ಹಿಂದೆ ಅವರ ಮೊಮ್ಮಗಳು ಅಲ್ಲಿ ಆಡುತ್ತಿದ್ದು, ತಿಂಡಿಗೆಂದು ಕರೆದಾಗ ಒಳಗೆ ಹೋಗಿದ್ದಳು. ಕಾರಿನ ಚಕ್ರದ ಗುರುತು ಆ ಮನೆಗಳ ಮೇಲೆಯೇ ಹಾದುಹೋಗಿತ್ತು.

ಗೆಲಿಲಿಯೊನ ಹಲಗೆ

ಮಾರನೆಯ ದಿನ ತರಗತಿಯಲ್ಲಿ ಎಲ್ಲರ ಮುಖದಲ್ಲಿಯೂ ಒಂದು ಬಗೆಯ ಗಾಂಭೀರ್ಯವಿತ್ತು. ಪಾಠದ ನಡುವೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದಿತು: “ಸಾರ್, ಇಳಿಜಾರಿನ ಕೋನ ಎಷ್ಟಿತ್ತು?” ಕೇಳಿದವನು ತಮಾಷೆಗೆ ಕೇಳಿದನೋ, ಜಿಜ್ಞಾಸೆಯಿಂದ ಕೇಳಿದನೋ, ಪ್ರಶ್ನೆ ಮಾತ್ರ ಸರಿಯಾದುದಾಗಿತ್ತು. ಅಂದು ಸಂಜೆ ಅವರನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋದೆವು. ಒಂದು ಮೀಟರು ಉದ್ದದ ನೇರವಾದ ಪಟ್ಟಿಯ ಮೇಲೆ ಗಾರೆ ಕೆಲಸದವರು ಬಳಸುವ ರಸಮಟ್ಟವನ್ನಿಟ್ಟು, ಪಟ್ಟಿಯನ್ನು ಸಮತಲಕ್ಕೆ ತಂದಾಗ, ಅದರ ಕೆಳತುದಿಗೂ ನೆಲಕ್ಕೂ ನಡುವೆ 8 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ ಕಂಡಿತು. ಎಂದರೆ, 12 ಮೀಟರು ನಡೆದರೆ 1 ಮೀಟರು ಇಳಿದಂತೆ. ಕೋನವು 5 ಡಿಗ್ರಿಗೂ ಕಡಿಮೆ!

ಇನ್ನು ಲೆಕ್ಕವು ಸುಲಭ. ಕಾರಿನ ತೂಕ ಸುಮಾರು 700 ಕಿಲೋಗ್ರಾಂ ಎನ್ನೋಣ. 12ಕ್ಕೆ 1ರ ಇಳಿಜಾರಿನಲ್ಲಿ ಆ ತೂಕದ ಹನ್ನೆರಡನೆಯ ಒಂದು ಪಾಲು, ಎಂದರೆ ಸುಮಾರು 58 ಕಿಲೋಗ್ರಾಂ ತೂಕದಷ್ಟು ಬಲ, ಕಾರನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಉರುಳುವ ಚಕ್ರದ ಘರ್ಷಣೆಯು ಇದನ್ನು ವಿರೋಧಿಸುತ್ತದೆ. ಗಾಳಿ ತುಂಬಿದ ಟೈರು ಗಟ್ಟಿ ನೆಲದ ಮೇಲೆ ಉರುಳುವಾಗ ಈ ವಿರೋಧವು ಭಾರದ ನೂರಕ್ಕೆ ಒಂದರಿಂದ ಒಂದೂವರೆ ಪಾಲಿನಷ್ಟು ಮಾತ್ರ. ನಮ್ಮ ಕಾರಿಗೆ ಸುಮಾರು 10 ಕಿಲೋಗ್ರಾಂ. ಉಳಿದ 48 ಕಿಲೋಗ್ರಾಂ ತೂಕದ ಬಲವು ಕಾರಿಗೆ ವೇಗೋತ್ಕರ್ಷವನ್ನು ಕೊಡುತ್ತದೆ. ಈ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 0.67 ಮೀಟರು ಎಂದು ಲೆಕ್ಕದಿಂದ ತಿಳಿಯುತ್ತದೆ.

ಇಲ್ಲಿ ಗೆಲಿಲಿಯೊನನ್ನು ಸ್ಮರಿಸಬೇಕು. ಬೀಳುವ ವಸ್ತುಗಳ ನಿಯಮವನ್ನು ಕಂಡುಹಿಡಿಯಲು ಹೊರಟ ಆ ಮಹನೀಯನಿಗೆ ನೇರವಾದ ಪತನವು ಅಳೆಯಲಾರದಷ್ಟು ವೇಗವಾಗಿ ಕಂಡಿತು. ಆದುದರಿಂದ ಅವನು ಸುಮಾರು 12 ಮೊಳ ಉದ್ದದ ಹಲಗೆಯಲ್ಲಿ ಒಂದು ಗಾಡಿಯನ್ನು ಕೊರೆಯಿಸಿ, ಅದನ್ನು ನುಣುಪುಗೊಳಿಸಿ, ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ಕಂಚಿನ ಗುಂಡನ್ನು ಅದರಲ್ಲಿ ಉರುಳಿಸಿದನು. ಸಣ್ಣ ರಂಧ್ರದಿಂದ ಹರಿದ ನೀರನ್ನು ತೂಗಿ ಕಾಲವನ್ನು ಅಳೆದನು. 1638ರಲ್ಲಿ ಪ್ರಕಟವಾದ ಅವನ ಕೊನೆಯ ಗ್ರಂಥದಲ್ಲಿ ಈ ಪ್ರಯೋಗದ ವಿವರಣೆಯಿದೆ. ವಸ್ತುವು ಒಂದನೆಯ ಸೆಕೆಂಡಿನಲ್ಲಿ ಎಷ್ಟು ದೂರ ಚಲಿಸುವುದೋ, ಎರಡನೆಯ ಸೆಕೆಂಡಿನಲ್ಲಿ ಅದರ ಮೂರರಷ್ಟು, ಮೂರನೆಯದರಲ್ಲಿ ಐದರಷ್ಟು, ನಾಲ್ಕನೆಯದರಲ್ಲಿ ಏಳರಷ್ಟು ಚಲಿಸುತ್ತದೆ ಎಂಬುದು ಅವನು ಕಂಡ ಬೆಸಸಂಖ್ಯೆಗಳ ನಿಯಮ.

ನಮ್ಮ ಕಾರೂ ಈ ನಿಯಮಕ್ಕೆ ವಿಧೇಯವಾಗಿಯೇ ನಡೆಯಿತು. ಒಂದನೆಯ ಸೆಕೆಂಡಿನಲ್ಲಿ ಅದು ಚಲಿಸಿದ್ದು ಕೇವಲ 34 ಸೆಂಟಿಮೀಟರು, ಹೆಚ್ಚುಕಡಮೆ ಒಂದು ಅಡಿ. ಎರಡನೆಯದರಲ್ಲಿ ಒಂದು ಮೀಟರು. ಮೂರನೆಯದರಲ್ಲಿ 1.7 ಮೀಟರು. ಆರನೆಯ ಸೆಕೆಂಡೊಂದರಲ್ಲಿಯೇ 3.7 ಮೀಟರು! ಎಲ್ಲವನ್ನೂ ಕೂಡಿದರೆ ಆರು ಸೆಕೆಂಡುಗಳಲ್ಲಿ 12 ಮೀಟರು. ಕೊಟ್ಟಿಗೆಯಿಂದ ಬೇಲಿಗೆ ಇದ್ದ ದೂರವೂ ಅಷ್ಟೇ. ಬೇಲಿಯನ್ನು ಮುಟ್ಟಿದಾಗ ಅದರ ವೇಗ ಸೆಕೆಂಡಿಗೆ 4 ಮೀಟರು, ಎಂದರೆ ಗಂಟೆಗೆ 14 ಕಿಲೋಮೀಟರಿಗೂ ಹೆಚ್ಚು. ಮೊದಲ ಸೆಕೆಂಡಿನಲ್ಲಿ ನಾವು ಕಂಡ ‘ವಿನಯ’ವು ಬೆಸಸಂಖ್ಯೆಗಳ ಸಾಲಿನಲ್ಲಿ ಮೊದಲನೆಯದು ಒಂದು ಎಂಬುದರ ಫಲವಲ್ಲದೆ ಬೇರೆ ಅಲ್ಲ.

ಹಿಡಿಯುವುದು ಬೇರೆ, ನಿಲ್ಲಿಸುವುದು ಬೇರೆ

ಕಾರು ಹೊಸಿಲಿನ ಬಳಿ ನಿಂತಿದ್ದಾಗ ಅದನ್ನು ಅಲ್ಲಿಯೇ ಹಿಡಿದಿಡಲು 48 ಕಿಲೋಗ್ರಾಂ ತೂಕದ ಬಲವು ಸಾಕಾಗಿತ್ತು. ಗಟ್ಟಿಮುಟ್ಟಾದ ಒಬ್ಬನಿಗೆ ಇದು ಅಸಾಧ್ಯವಲ್ಲ. ಆದರೆ ಚಲಿಸತೊಡಗಿದ ಕಾರಿನ ಮಾತೇ ಬೇರೆ. ಅದು ಕೂಡಿಸಿಕೊಂಡ ಚಲನಶಕ್ತಿಯನ್ನು ಪೂರ್ತಿಯಾಗಿ ಕಳೆದ ಹೊರತು ಅದು ನಿಲ್ಲುವುದಿಲ್ಲ.

ಅರ್ಧ ಮೀಟರಿನ ಅಂತರದೊಳಗೆ ಕಾರನ್ನು ನಿಲ್ಲಿಸಬೇಕೆಂದು ಭಾವಿಸೋಣ. ಹೊರಟ ಒಂದು ಸೆಕೆಂಡಿನ ಬಳಿಕವಾದರೆ ಅದಕ್ಕೆ ಸುಮಾರು 80 ಕಿಲೋಗ್ರಾಂ ತೂಕದ ಬಲ ಬೇಕು. ಇಬ್ಬರು ಸೇರಿದರೆ ಆದೀತು. ಎರಡು ಸೆಕೆಂಡುಗಳ ಬಳಿಕ ಸುಮಾರು 180 ಕಿಲೋಗ್ರಾಂ ಬೇಕು, ಇಬ್ಬರ ಕೈಲಾಗದು. ಆರು ಸೆಕೆಂಡುಗಳ ಬಳಿಕ ಸುಮಾರು 1,200 ಕಿಲೋಗ್ರಾಂ ತೂಕದ ಬಲ ಬೇಕು. ಅಷ್ಟು ಜನರಿಗೆ ಕಾರಿನ ಹಿಂಬದಿಯಲ್ಲಿ ಕೈಯಿಡಲು ಸ್ಥಳವೇ ಇಲ್ಲ! ಕಣ್ಣು ಅಪಾಯವನ್ನು ಕಂಡು, ಮನಸ್ಸು ನಿರ್ಧರಿಸಿ, ಕಾಲು ಓಡಿ ಕಾರಿನ ಹಿಂದೆ ಸೇರುವಷ್ಟರಲ್ಲಿ ಆ ಮೊದಲ ಒಂದೆರಡು ಸೆಕೆಂಡುಗಳು ಕಳೆದೇ ಹೋಗಿರುತ್ತವೆ. ಆದುದರಿಂದ ಉರುಳುವ ಕಾರನ್ನು ಕೈಯಿಂದ ತಡೆಯುವ ಪ್ರಯತ್ನವು ಮೊದಲೇ ಸೋತ ಪಂದ್ಯ.

ಈ ಶಕ್ತಿಯು ಬಂದದ್ದೆಲ್ಲಿಂದ? ಎಂಜಿನ್ನು ಚಾಲೂ ಆಗಿರಲಿಲ್ಲ. ಒಂದು ತೊಟ್ಟು ಪೆಟ್ರೋಲೂ ಉರಿಯಲಿಲ್ಲ. ಕಾರು ಎತ್ತರದಲ್ಲಿ ನಿಂತಿತ್ತು, ಅಷ್ಟೇ ಸಾಕು. 700 ಕಿಲೋಗ್ರಾಂ ತೂಕದ ವಸ್ತುವು ಒಂದು ಮೀಟರು ಎತ್ತರದಲ್ಲಿದ್ದರೆ ಅದರಲ್ಲಿ ಸುಮಾರು 6,900 ಜೂಲ್ ಪ್ರಚ್ಛನ್ನ ಶಕ್ತಿಯು ಅಡಗಿರುತ್ತದೆ. ಘರ್ಷಣೆಗೆ ವ್ಯಯವಾದುದನ್ನು ಕಳೆದರೆ ಸುಮಾರು 5,600 ಜೂಲ್‌ಗಳು ಚಲನಶಕ್ತಿಯಾಗಿ ಬೇಲಿಯನ್ನು ತಲುಪಿದವು. 50 ಕಿಲೋಗ್ರಾಂ ತೂಕದ ಅಕ್ಕಿಮೂಟೆಯು 11 ಮೀಟರಿಗೂ ಹೆಚ್ಚಿನ ಎತ್ತರದಿಂದ ಬಿದ್ದರೆ ಇರುವಷ್ಟು ಶಕ್ತಿ ಇದು. ಮೇಲಿನಿಂದ ಅಕ್ಕಿಮೂಟೆ ಬೀಳುತ್ತಿದ್ದರೆ ಅದನ್ನು ಹಿಡಿಯಲು ಯಾರೂ ಕೆಳಗೆ ಹೋಗಿ ನಿಲ್ಲುವುದಿಲ್ಲ. ಅಷ್ಟೇ ಶಕ್ತಿಯು ನೆಲದ ಮೇಲೆ ಮೆಲ್ಲಗೆ ಉರುಳಿ ಬಂದರೆ ಮಾತ್ರ ನಾವು ಕೈಯೊಡ್ಡುತ್ತೇವೆ.

ಇಂತಹ ಪ್ರಸಂಗಗಳು ನಗೆಗಷ್ಟೇ ವಸ್ತುಗಳಲ್ಲ. 2016ರ ಜೂನ್ ತಿಂಗಳಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಆಂಟನ್ ಯೆಲ್ಚಿನ್ ಎಂಬ 27 ವರ್ಷದ ಚಲನಚಿತ್ರ ನಟರು ತಮ್ಮ ಮನೆಯ ಇಳಿಜಾರಾದ ದಾರಿಯಲ್ಲಿ ಹಿಂದಕ್ಕೆ ಉರುಳಿದ ತಮ್ಮದೇ ವಾಹನಕ್ಕೂ ಇಟ್ಟಿಗೆಯ ಕಂಬಕ್ಕೂ ನಡುವೆ ಸಿಕ್ಕಿ ಅಸುನೀಗಿದರು. ಹಾವಸೆಗಟ್ಟಿದ ಒಂದು ಕಲ್ಲು ನಮ್ಮನ್ನು ಪಕ್ಕಕ್ಕೆ ಕೆಡವದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದಾಗ ಇಂದಿಗೂ ಮೈ ಬೆವರುತ್ತದೆ.

ಕಲ್ಲಿನ ಮಹಿಮೆ

ಇಳಿಜಾರಿನ ತೊಂದರೆಯು ಮೋಟಾರು ವಾಹನದಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬರ್ತಾ ಬೆನ್ಜ್ ಎಂಬ ಸಾಹಸಿ ಮಹಿಳೆಯು ಪತಿಗೆ ತಿಳಿಸದೆ, ಅವನು ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರುಗಳ ಪ್ರಯಾಣವನ್ನು ಕೈಗೊಂಡಳು. ಏರಿನಲ್ಲಿ ಮಕ್ಕಳು ಇಳಿದು ಗಾಡಿಯನ್ನು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದವು. ಚಮ್ಮಾರನೊಬ್ಬನಿಂದ ಅವುಗಳಿಗೆ ಚರ್ಮವನ್ನು ಹೊಡೆಯಿಸಿಕೊಂಡು ಆಕೆ ಮುಂದುವರಿದಳೆಂದು ಪ್ರಸಿದ್ಧವಾಗಿದೆ. ಘರ್ಷಣೆಯನ್ನು ಹೆಚ್ಚಿಸಿ ಚಲನಶಕ್ತಿಯನ್ನು ಶಾಖವಾಗಿ ಕಳೆಯುವುದೇ ಅಂದಿನಿಂದ ಇಂದಿನವರೆಗೂ ಬ್ರೇಕಿನ ಕೆಲಸ.

ನಿಲ್ಲಿಸಿದ ಕಾರನ್ನು ಕಾಯುವುದಕ್ಕೆ ಕೈಬ್ರೇಕು ಮತ್ತು ಗೇರು ಎಂಬ ಎರಡು ಸಾಧನಗಳುಂಟು. ಸಾಮಾನ್ಯವಾದ ಸಣ್ಣ ಕಾರುಗಳಲ್ಲಿ ಕೈಬ್ರೇಕು ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಗೇರಿನಲ್ಲಿಟ್ಟರೆ ಎಂಜಿನ್ನು ಮುಂದಿನ ಚಕ್ರಗಳನ್ನು ಹಿಡಿಯುತ್ತದೆ. ಎರಡನ್ನೂ ಬಳಸುವುದು ಜಾಣತನ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಕಾರು ತಿರುವಿನಲ್ಲಿ ಹೋಗುವಾಗ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ಸುತ್ತಬೇಕಾಗುವುದರಿಂದ, ಎರಡು ಚಕ್ರಗಳಿಗೂ ಬೇರೆ ಬೇರೆ ವೇಗದಲ್ಲಿ ಸುತ್ತುವ ಸ್ವಾತಂತ್ರ್ಯವನ್ನು ಕೊಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯೊಂದಿದೆ. ಗೇರು ಹಾಕಿ ನಿಲ್ಲಿಸಿದ ಕಾರಿನ ಮುಂದಿನ ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿದರೆ, ಗಾಳಿಯಲ್ಲಿರುವ ಚಕ್ರವು ಒಂದು ದಿಕ್ಕಿಗೆ ತಿರುಗಿ, ನೆಲದಲ್ಲಿರುವ ಚಕ್ರಕ್ಕೆ ಇನ್ನೊಂದು ದಿಕ್ಕಿಗೆ ತಿರುಗಲು ಅವಕಾಶ ಮಾಡಿಕೊಡುತ್ತದೆ. ಎಂದರೆ, ಗೇರಿನ ಹಿಡಿತವು ಆ ಗಳಿಗೆಯಲ್ಲಿ ಇಲ್ಲವಾಗುತ್ತದೆ! ಪಂಕ್ಚರಾದ ಚಕ್ರವನ್ನು ಬದಲಾಯಿಸುವಾಗ ‘ಗೇರಿನಲ್ಲಿದೆಯಲ್ಲ’ ಎಂದು ಧೈರ್ಯದಿಂದಿರುವವರು ಇದನ್ನು ನೆನಪಿಡಬೇಕು.

ಹೀಗಿರಲು ಅಜ್ಜಿಯವರು ಹೇಳಿದ ಕಲ್ಲು ಎಷ್ಟು ದೊಡ್ಡ ಸಾಧನವೆಂಬುದನ್ನು ನೋಡೋಣ. ಕಲ್ಲನ್ನು ದಾಟಬೇಕಾದರೆ ಚಕ್ರವು ತನ್ನ ಮೇಲಿರುವ ಭಾರವನ್ನು ಎತ್ತಿಕೊಂಡು ಅದರ ಮೇಲೆ ಹತ್ತಬೇಕು. ಚಕ್ರದ ತ್ರಿಜ್ಯವು 25 ಸೆಂಟಿಮೀಟರು, ಕಲ್ಲಿನ ಎತ್ತರ 8 ಸೆಂಟಿಮೀಟರು, ಆ ಚಕ್ರದ ಮೇಲಿನ ಭಾರ 175 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಹತ್ತಲು ಬೇಕಾಗುವ ಬಲವು ಸುಮಾರು 190 ಕಿಲೋಗ್ರಾಂ ತೂಕದಷ್ಟು. ನಮ್ಮ ಅಂಗಳದ ಇಳಿಜಾರು ಕೊಡಬಲ್ಲ ಬಲವಾದರೋ 58 ಕಿಲೋಗ್ರಾಂ. ಒಂದೇ ಕಲ್ಲು ಅದರ ಮೂರರಷ್ಟು ಬಲವನ್ನು ತಡೆಯಬಲ್ಲುದು. ಕಲ್ಲು 2 ಸೆಂಟಿಮೀಟರಿನದಾದರೆ ತಡೆಯುವ ಬಲವು 75 ಕಿಲೋಗ್ರಾಮಿಗೆ ಇಳಿಯುತ್ತದೆ, ಆಗ ನಂಬುವಂತಿಲ್ಲ. ಕಲ್ಲು ಜಾರುವಂತಹುದಾಗಿರಬಾರದು, ಟೈರಿಗೆ ಅಂಟಿಕೊಂಡೇ ಇರಬೇಕು. ಒಂದು ಮೊಳ ಹಿಂದೆ ಇಟ್ಟರೆ, ಕಾರು ಆ ಮೊಳದಲ್ಲಿ ಗಳಿಸಿದ ಚಲನಶಕ್ತಿಯಿಂದ ಕಲ್ಲನ್ನು ಹಾರಿಹೋದೀತು. ಎತ್ತಿನ ಗಾಡಿಯವನು ಈ ಗಣಿತವನ್ನು ಮಾಡಿದವನಲ್ಲ; ಆದರೆ ಕಲ್ಲನ್ನು ಗಾಲಿಗೆ ಒತ್ತಿ ಇಡುವುದನ್ನು ಎಂದೂ ಮರೆತವನಲ್ಲ.

ಜ್ಯಾಕು ಮತ್ತು ನಟ್ಟು

ಗೊಬ್ಬರದ ಗುಂಡಿಯಿಂದ ಕಾರನ್ನು ಮೇಲೆತ್ತಿ ತಂದ ಮೇಲೆ, ಬೇಲಿಯ ಗೂಟವೊಂದು ಚುಚ್ಚಿ ಒಂದು ಟೈರು ಹಾಳಾಗಿರುವುದು ಕಂಡಿತು. ಸ್ಟೆಪ್ನಿಯನ್ನು ಹಾಕಬೇಕಾಯಿತು. ಕಾರನ್ನು ಅಂಗಳದ ಸಮತಟ್ಟಾದ ಮೂಲೆಯಲ್ಲಿ ನಿಲ್ಲಿಸಿ, ಈ ಸಲ ಗಾಲಿಗೆ ಕಲ್ಲನ್ನೂ ಕೊಟ್ಟು, ನಾವು ಎರಡನೆಯ ತಪ್ಪಿಗೆ ಸಿದ್ಧರಾದೆವು.

ಜ್ಯಾಕಿನಿಂದ ಚಕ್ರವನ್ನು ಮೊದಲು ಮೇಲೆತ್ತಿ, ಆಮೇಲೆ ನಟ್ಟನ್ನು ಸಡಿಲಿಸಲು ಹೋದೆವು. ಸ್ಪ್ಯಾನರನ್ನು ತಿರುಗಿಸಿದರೆ ನಟ್ಟು ಅಲುಗದು, ಚಕ್ರವೇ ತಿರುಗತೊಡಗಿತು. ಸಣ್ಣ ಕಾರಿನ ನಟ್ಟನ್ನು ಸಡಿಲಿಸಲು 25 ಸೆಂಟಿಮೀಟರು ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 40 ಕಿಲೋಗ್ರಾಂ ತೂಕದ ಬಲ ಬೇಕಾಗುತ್ತದೆ. ಚಕ್ರವು ನೆಲದ ಮೇಲಿದ್ದರೆ ಟೈರು ಮತ್ತು ನೆಲದ ನಡುವಣ ಘರ್ಷಣೆಯು ಅದನ್ನು ತಿರುಗಗೊಡದೆ ಹಿಡಿದಿರುತ್ತದೆ, ಗಾಳಿಯಲ್ಲಿದ್ದರೆ ಹಿಡಿಯುವವರಾರು? ಆದುದರಿಂದ ಚಕ್ರವು ನೆಲದಲ್ಲಿರುವಾಗಲೇ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಆಮೇಲೆ ಎತ್ತಬೇಕು. ಸ್ಪ್ಯಾನರಿನ ಉದ್ದವನ್ನು ಇಮ್ಮಡಿಗೊಳಿಸಿದರೆ ಬೇಕಾಗುವ ಬಲವು ಅರ್ಧವಾಗುತ್ತದೆ, ಸನ್ನೆಯ ತತ್ತ್ವವಿದು.

ಇದರೊಡನೆ ಇನ್ನೊಂದು ಮರೆವೂ ಸೇರಿತು. ಜ್ಯಾಕಿನ ಪಾದವು ಸುಮಾರು 80 ಚದರ ಸೆಂಟಿಮೀಟರಿನದು. ಅದರ ಮೇಲಿನ ಭಾರ ಸುಮಾರು 250 ಕಿಲೋಗ್ರಾಂ. ಪ್ರತಿ ಚದರ ಸೆಂಟಿಮೀಟರಿನ ಮೇಲೆ 3 ಕಿಲೋಗ್ರಾಮಿಗೂ ಹೆಚ್ಚು. ನಿಂತ ಮನುಷ್ಯನ ಪಾದದ ಒತ್ತಡವು ಇದರ ಹದಿನೈದನೆಯ ಒಂದು ಪಾಲಿನಷ್ಟು ಮಾತ್ರ. ನಮ್ಮ ಕಾಲನ್ನು ತಾಳಿಕೊಂಡ ಮಳೆಗಾಲದ ನೆಲವು ಜ್ಯಾಕನ್ನು ತಾಳಿಕೊಳ್ಳಲಿಲ್ಲ. ಸ್ಪ್ಯಾನರನ್ನು ಜಗ್ಗಿದ ರಭಸಕ್ಕೆ ಜ್ಯಾಕು ಮಣ್ಣಿನಲ್ಲಿ ಒಂದು ಬದಿಗೆ ಕುಸಿದು, ಕಾರು ದಡಕ್ಕನೆ ಕೆಳಗೆ ಕುಳಿತಿತು. ಚಕ್ರವನ್ನು ಇನ್ನೂ ಬಿಚ್ಚಿರಲಿಲ್ಲವಾದುದರಿಂದ ಕಾರು ಅದರ ಮೇಲೆಯೇ ಕುಳಿತಿತು. ನಮ್ಮ ಕೈ ಹೊರಗಿತ್ತು. ಒಂದಡಿ ಚೌಕದ ದಪ್ಪ ಹಲಗೆಯೊಂದನ್ನು ಜ್ಯಾಕಿನ ಕೆಳಗೆ ಇಟ್ಟಿದ್ದರೆ ನೆಲದ ಮೇಲಿನ ಒತ್ತಡವು ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತಿತ್ತು. ಜ್ಯಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಜ್ಯಾಕಿನ ಮೇಲಷ್ಟೇ ನಿಂತ ವಾಹನದ ಅಡಿಗೆ ಯಾರೂ, ಎಷ್ಟೇ ಸ್ವಲ್ಪ ಹೊತ್ತಿಗಾದರೂ, ತೂರಬಾರದು.

ಕಿಡಿ ಹಾರಿದ ಸ್ಪ್ಯಾನರು

ಮೂರನೆಯ ತಪ್ಪು ಬ್ಯಾಟರಿಯದು. ಅದನ್ನು ಅಂಗಡಿಯಲ್ಲಿ ಚಾರ್ಜು ಮಾಡಿಸಿ ತಂದು, ಮೊದಲು ಋಣ ಧ್ರುವಕ್ಕೆ ತಂತಿಯನ್ನು ಜೋಡಿಸಿ, ಆಮೇಲೆ ಧನ ಧ್ರುವದ ನಟ್ಟನ್ನು ಬಿಗಿಯುತ್ತಿದ್ದೆವು. ಸ್ಪ್ಯಾನರಿನ ಇನ್ನೊಂದು ತುದಿಯು ಕಾರಿನ ಲೋಹದ ಮೈಗೆ ತಾಗಿತು. ಕಣ್ಣು ಕೋರೈಸುವ ಕಿಡಿ ಹಾರಿ, ಸ್ಪ್ಯಾನರಿನ ಅಂಚು ಕರಗಿ ಹೋಯಿತು.

ಬ್ಯಾಟರಿಯಲ್ಲಿರುವುದು ಬರಿಯ 12 ವೋಲ್ಟು. ಒಣಗಿದ ಚರ್ಮದ ರೋಧವು ಸಾವಿರಾರು ಓಮ್‌ಗಳಷ್ಟಿರುವುದರಿಂದ ಅದನ್ನು ಮುಟ್ಟಿದರೂ ಆಘಾತವಾಗುವುದಿಲ್ಲ. ಇದೇ ನಮ್ಮನ್ನು ಅಸಡ್ಡೆಗೆ ಗುರಿಮಾಡುವುದು. ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯನ್ನು 1859ರಲ್ಲಿ ಗಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿಯು ರೂಪಿಸಿದನು. ಇದರ ಒಳರೋಧವು ಅತ್ಯಲ್ಪ; ಓಮ್‌ನ ನೂರನೆಯ ಒಂದು ಪಾಲಿನಷ್ಟು. ಧನ ಧ್ರುವವನ್ನೂ ಋಣ ಧ್ರುವವನ್ನೂ ಸ್ಪ್ಯಾನರಿನಂತಹ ದಪ್ಪ ಲೋಹವು ನೇರವಾಗಿ ಸೇರಿಸಿದರೆ ಪ್ರವಾಹವು ನೂರಾರು ಆಂಪೇರುಗಳಿಗೆ ಏರುತ್ತದೆ. ಮನೆಯ 60 ವಾಟಿನ ಬಲ್ಬಿನಲ್ಲಿ ಹರಿಯುವುದು ಕಾಲು ಆಂಪೇರು ಮಾತ್ರ! ಬೆರಳಿನ ಉಂಗುರವು ಈ ದಾರಿಯಲ್ಲಿ ಸಿಕ್ಕಿದರೆ ಕ್ಷಣದಲ್ಲಿ ಕಾದು ಬೆರಳನ್ನು ಸುಡುತ್ತದೆ. ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕವು ಹೊರಬರುವುದರಿಂದ ಅದರ ಬಳಿ ಕಿಡಿಯು ಸ್ಫೋಟಕ್ಕೂ ಕಾರಣವಾಗಬಹುದು.

ಇಂದಿನ ಕಾರುಗಳಲ್ಲಿ ಋಣ ಧ್ರುವವು ಕಾರಿನ ಮೈಗೆ ಸೇರಿರುತ್ತದೆ. ಆದಕಾರಣ ಬಿಚ್ಚುವಾಗ ಋಣವನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಕೊನೆಗೆ ಜೋಡಿಸಬೇಕು. ಆಗ ಧನ ಧ್ರುವದ ಬಳಿ ಸ್ಪ್ಯಾನರು ಮೈಗೆ ತಾಗಿದರೂ ಮಂಡಲವು ಪೂರ್ಣವಾಗುವುದಿಲ್ಲ, ಪ್ರವಾಹವು ಹರಿಯುವುದಿಲ್ಲ. ತರಗತಿಯಲ್ಲಿ ವಿದ್ಯುನ್ಮಂಡಲದ ಚಿತ್ರವನ್ನು ನೂರಾರು ಬಾರಿ ಬರೆದಿದ್ದ ನಾವು, ಕಾರಿನ ಮೈಯೇ ಆ ಚಿತ್ರದ ಒಂದು ಗೆರೆ ಎಂಬುದನ್ನು ಮರೆತಿದ್ದೆವು.

ಮೂರು ಪ್ರಶ್ನೆಗಳು

ಈ ಮೂರು ಪ್ರಸಂಗಗಳನ್ನು ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೊಟ್ಟಿಗೆಯ ಮುಂದೆ ನಿಂತ ಕಾರು, ಜ್ಯಾಕಿನ ಮೇಲೆ ಎತ್ತಿದ ಕಾರು, ಬೆಂಚಿನ ಮೇಲಿಟ್ಟ ಬ್ಯಾಟರಿ, ಮೂರೂ ನೋಡಲು ನಿಶ್ಚಲವಾದ ವಸ್ತುಗಳು. ಮೂರರಲ್ಲಿಯೂ ಶಕ್ತಿಯು ದಾರಿಗಾಗಿ ಕಾಯುತ್ತಿತ್ತು. ದಾರಿಯನ್ನು ತೆರೆದವರು ನಾವು. ಆದುದರಿಂದ ವಾಹನಕ್ಕೆ ಕೈಹಾಕುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನನ್ನು ತಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರಲ್ಲಿ ಶಕ್ತಿಯು ಎಲ್ಲಿ ಅಡಗಿದೆ? ಹಿಡಿತ ತಪ್ಪಿದರೆ ಅದು ಯಾವ ಕಡೆಗೆ ಹೋಗುವುದು? ಆ ಕಡೆಯಲ್ಲಿ ಯಾರಿದ್ದಾರೆ? ಈ ಮೂರಕ್ಕೂ ಉತ್ತರ ದೊರೆತ ಮೇಲೆಯೇ ಸ್ಪ್ಯಾನರನ್ನು ಎತ್ತಿಕೊಳ್ಳಬಹುದು. ಉರುಳತೊಡಗಿದ ವಾಹನದ ದಾರಿಯಲ್ಲಿ ನಿಲ್ಲದೆ, ಕೂಗಿ ಎಲ್ಲರನ್ನೂ ಸರಿಸಿ, ಅದನ್ನು ಹೋಗಗೊಡಬೇಕು. ಬೇಲಿಯನ್ನು ಮತ್ತೆ ಕಟ್ಟಬಹುದು.

ನಮ್ಮ ಬೇಲಿಯನ್ನು ಆ ಇಬ್ಬರು ವಿದ್ಯಾರ್ಥಿಗಳೇ ಮುಂದಿನ ಭಾನುವಾರ ಕಟ್ಟಿಕೊಟ್ಟರು. ಅಂಚು ಕರಗಿದ ಸ್ಪ್ಯಾನರು ಈಗ ಪ್ರಯೋಗಶಾಲೆಯ ಕಪಾಟಿನಲ್ಲಿದೆ; ವಿದ್ಯುತ್ತಿನ ಪಾಠ ಬಂದಾಗ ಅದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇವೆ. ಗಾಲಿಯ ಕಲ್ಲು ಕೊಟ್ಟಿಗೆಯ ಹೊಸಿಲಿನ ಬಳಿ ಇದೆ. ನೆರೆಮನೆಯ ಮಗುವು ಅದರ ಮೇಲೆ ಸುಣ್ಣದಿಂದ ‘ಮೇಷ್ಟ್ರ ಕಲ್ಲು’ ಎಂದು ಬರೆದಿದ್ದಾಳೆ. ಮಳೆಗೆ ಅದು ಅಳಿಸಿಹೋಗುವುದುಂಟು. ಅವಳು ಮತ್ತೆ ಬರೆಯುತ್ತಾಳೆ. ನಾವು ಬೇಡವೆನ್ನುವುದಿಲ್ಲ.